ಹತ್ತುವ ಗೇರಿನಲ್ಲೇ ಇಳಿಯಿರಿ

ಪ್ರಶ್ನೆ: ಕಾರು ಕಲಿತು ಎಂಟು ತಿಂಗಳಾಯಿತು. ಮೊದಲ ಸಲ ಒಬ್ಬಳೇ ಹುಬ್ಬಳ್ಳಿಯಿಂದ ಹೊರಟು, ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿದು, ದೇವಿಮನೆ ಘಟ್ಟ ಇಳಿದು ಸಂಜೆಗೆ ಗೋಕರ್ಣ ಮುಟ್ಟಬೇಕೆಂದಿದ್ದೇನೆ. ಘಟ್ಟದಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಅಣ್ಣ ಹೇಳುತ್ತಾನೆ. ಬ್ರೇಕ್ ಬಿಸಿಯಾದರೆ ನೀರು ಹೊಯ್ದರೆ ಸಾಕಂತೆ. ಹೌದೇ?
– ಓದುಗರು, ಹುಬ್ಬಳ್ಳಿ

ಉತ್ತರ: ತಂಗೀ, ಮೊದಲು ಅಣ್ಣನ ಕೈಗೆ ಕಾರಿನ ಕೀಲಿ ಸಿಗದ ಹಾಗೆ ನೋಡಿಕೊಳ್ಳಿ. ಈ ನ್ಯೂಟ್ರಲ್ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ರಜೆ ಮುಗಿದ ಸೋಮವಾರ ಶಿರಸಿಯ ನನ್ನ ಗ್ಯಾರೇಜಿನ ಎದುರು, ಕಾದು ನೀಲಿಗಟ್ಟಿದ ಬ್ರೇಕ್ ಡಿಸ್ಕಿನ ಕಾರು ಒಂದಾದರೂ ನಿಂತಿರುತ್ತದೆ.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಒಂದು ಟನ್ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖಕ್ಕೆ ದೊಡ್ಡ ಕೊಡದ ತುಂಬ, ಅಂದರೆ 15 ಲೀಟರ್ ತಣ್ಣೀರು ಕುದಿ ಬರುತ್ತದೆ. ಗಾಳಿ, ಟೈರು ಅದರಲ್ಲಿ ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನು ಗೇರಿನಲ್ಲಿರುವ ಇಂಜಿನ್ ಹೊರಬೇಕು, ಇಲ್ಲವೇ ಬ್ರೇಕ್. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಕೈತೊಳೆದುಕೊಂಡಿತು.

ಪೆಟ್ರೋಲೂ ಉಳಿಯುವುದಿಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರಿಹೋಗದಂತೆ ಪೆಟ್ರೋಲ್ ಸುಡುತ್ತಲೇ ಇರಬೇಕು. ಅಣ್ಣನ ಲೆಕ್ಕ ಕಾರ್ಬ್ಯುರೇಟರ್ ಕಾಲದ್ದು.

ಇಂಜಿನ್ ಆರಿಸಿಯೇ ಇಳಿಯುವ ಮಹಾಶಯರೂ ಇದ್ದಾರೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನೂ ಆ ಜಾಣತನ ಮಾಡಿದವನೇ. ಅಡಿಕೆ ಚೀಲ ತುಂಬಿದ ವ್ಯಾನು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಬರುವುದು ಇಂಜಿನ್ ತಿರುಗುವುದರಿಂದ. ಅದು ಆರಿದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ. ಮುಂದಿನ ತಿರುವಿನಲ್ಲಿ ಪೆಡಲ್ ಕಾಲಡಿ ಹಲಸಿನ ಕೊರಡಿನ ಹಾಗೆ ನಿಂತುಬಿಟ್ಟಿತು. ಸೀಟಿನಿಂದ ಎದ್ದು ಎರಡೂ ಕಾಲಿಟ್ಟು ತುಳಿದೆ. ವ್ಯಾನು ಗುಡ್ಡದ ಬದಿಯ ಚರಂಡಿಗೆ ಒರಗಿ ನಿಂತಿತು. ಇನ್ನೊಂದು ಬದಿಗೆ ಒರಗಿದ್ದರೆ ಈ ಅಂಕಣ ಬೇರೆ ಯಾರೋ ಬರೆಯುತ್ತಿದ್ದರು.

ಹಳೆಯ ಲಾರಿ ಡ್ರೈವರುಗಳ ಮಾತೇ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಮೂರನೆಯದು, ತೀರಾ ಸುತ್ತಿದ ತಿರುವಿಗೆ ಎರಡನೆಯದು. ಗೇರು ಇಳಿಸುವುದು ಇಳಿಜಾರು ಶುರುವಾಗುವ ಮೊದಲೇ. ಇಂಜಿನ್ ಒರಲುತ್ತದೆ, ಒರಲಲಿ. ಇಂಜಿನ್ ಸುತ್ತು ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಅದಕ್ಕೇನೂ ಆಗದು. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದೊಡನೆ ಬಿಡಿ. ಉದ್ದಕ್ಕೂ ಕಾಲು ಅಲ್ಲೇ ಊರಿಕೊಂಡು ಬರುವವರದೇ ಬ್ರೇಕ್ ಸುಡುವುದು. ಎದುರಿನಿಂದ ಹತ್ತುವ ಗಾಡಿಗೆ ದಾರಿ ಬಿಡಿ. ಇಕ್ಕಟ್ಟಿನಲ್ಲಿ ಮೊದಲ ಹಕ್ಕು ಅದರದು.

ಹೊರಡುವ ವಾರ ಬ್ರೇಕ್ ಆಯಿಲ್ ನೋಡಿಸಿ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಅದೇ; ಗಾಳಿಯ ತೇವ ಹೀರುವ ವಸ್ತು. ಡಾಟ್ 3 ದರ್ಜೆಯ ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಆಯಿಲಿಗೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ಮೆತ್ತಗೆ ತಳಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ‘ಬಣ್ಣ ಚಲೋ ಇದೆ, ಇನ್ನೂ ಓಡ್ತದೆ’ ಎನ್ನುವ ಮೆಕ್ಯಾನಿಕ್ಕನ ಬಳಿ ಪಂಕ್ಚರ್ ಮಾತ್ರ ಹಾಕಿಸಿ.

ಇಷ್ಟಾಗಿಯೂ ಸುಟ್ಟ ವಾಸನೆ ಬಂದರೆ ಅಗಲ, ಸಮತಟ್ಟು ಜಾಗ ನೋಡಿ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಹೊಯ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂರಿ. ಹೊರಡುವಾಗ ಆ ಕಲ್ಲು ತೆಗೆದು ಬದಿಗೆ ಹಾಕಿ. ರಸ್ತೆ ಮಧ್ಯೆ ಬಿಟ್ಟು ಹೋಗುವವರ ಮೇಲೆ ನನಗಿರುವ ಸಿಟ್ಟು ಇಲ್ಲಿ ಅಚ್ಚು ಹಾಕುವಂಥದ್ದಲ್ಲ.

ಮಳೆಗಾಲವಾದರೆ ಕಡಿದು ನಿಲ್ಲಿಸಿದ ಗುಡ್ಡದ ಬುಡದಲ್ಲಿ ನಿಲ್ಲಲೇಬೇಡಿ, ಚಹಾ ಎಷ್ಟೇ ಚಲೋ ಇರಲಿ. ಅಂಕೋಲಾ ಹತ್ತಿರದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜಾರಿದಾಗ ಹೆದ್ದಾರಿ ಬದಿಯ ಚಹಾದಂಗಡಿಯೂ ನಿಂತ ಲಾರಿಯೂ ಗಂಗಾವಳಿ ನದಿಯ ಪಾಲಾದವು. ನನ್ನದೇ ಮಾತು ಕೇಳುವುದಾದರೆ, ಜೋರು ಮಳೆಯ ದಿನ ಶಿರಸಿಯಲ್ಲೇ ಉಳಿದುಬಿಡಿ.

ಮಳೆಯಿಲ್ಲದಿದ್ದರೂ ಮಧ್ಯಾಹ್ನ ಎರಡರೊಳಗೆ ಶಿರಸಿ ಬಿಡಿ. ಮೊದಲ ದಿನದ ಉಮೇದಿನಲ್ಲಿ ಸುಸ್ತು ಗೊತ್ತಾಗುವುದಿಲ್ಲ; ಹುಬ್ಬಳ್ಳಿಯಿಂದ ಆಗಲೇ ನೂರು ಕಿಲೋಮೀಟರ್ ಆಗಿರುತ್ತದೆ, ಕ್ಲಚ್ ತುಳಿದ ಎಡಗಾಲು ಸೋತಿರುತ್ತದೆ. ಮೇಲಾಗಿ ನೀವು ಹೋಗುವುದು ಪಡುವಣಕ್ಕೆ. ನಾಲ್ಕರ ಮೇಲೆ ಬಿಸಿಲು ನೆಟ್ಟಗೆ ಕಣ್ಣಿಗೆ, ತಿರುವಿನಾಚೆ ಮರದ ನೆರಳಲ್ಲಿ ಏನಿದೆಯೋ ಕಾಣದು. ಕತಗಾಲ ದಾಟಿ ಬೆವರು ಅಂಟತೊಡಗಿತೋ, ಘಟ್ಟ ಮುಗಿಯಿತು ಅಂತ ಲೆಕ್ಕ. ದೀವಗಿಯಲ್ಲಿ ಹೆದ್ದಾರಿ ಸಿಕ್ಕೊಡನೆ ಬಲಕ್ಕೆ, ಮಿರ್ಜಾನ್ ದಾಟಿ ಮಾದನಗೇರಿಯಲ್ಲಿ ಗೋಕರ್ಣದ ದಾರಿ.

ಪ್ರಶ್ನೆ: ಘಟ್ಟ ಇಳಿಯುವ ಮೊದಲು ಟೈರಿನಡಿ ನಿಂಬೆಹಣ್ಣು ಇಡಬೇಕೇ?
ಉತ್ತರ: ಇಡಿ. ದೇವಿಮನೆಯಲ್ಲಿ ನಿಂತು ನಾನೂ ಕೈಮುಗಿಯುತ್ತೇನೆ. ಬ್ರೇಕ್ ಆಯಿಲ್ ಬದಲಿಸಿಕೊಂಡೇ ಮುಗಿಯುತ್ತೇನೆ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಹೆಚ್ಚುತ್ತದೆಯೇ?
ಉತ್ತರ: ಮಾರಿದವನ ಮೈಲೇಜ್ ಹೆಚ್ಚುತ್ತದೆ.

ಪ್ರಶ್ನೆ: ಟೈರಿಗೆ ನೈಟ್ರೋಜನ್ನೇ ಬೇಕೇ?
ಉತ್ತರ: ಬರೀ ಗಾಳಿಯಲ್ಲೇ ಶೇ 78 ಅದೇ ಇದೆ. ಒತ್ತಡ ನೋಡಿಸಿ, ದುಡ್ಡು ಉಳಿಸಿ.

ಪ್ರಶ್ನೆ: ಫೋಟೊಗೋಸ್ಕರ ಕಾರನ್ನು ಬೀಚಿನ ಮರಳಿಗೆ ಇಳಿಸಬಹುದೇ?
ಉತ್ತರ: ಇಳಿಸುವುದು ಸುಲಭ. ಹತ್ತಿಸಲು ಟ್ರ್ಯಾಕ್ಟರ್ ಹುಡುಕಬೇಕು, ಆಮೇಲೆ ಅಡಿಭಾಗದ ಉಪ್ಪನ್ನು ಸಿಹಿನೀರಿನಲ್ಲಿ ತೊಳೆಸಬೇಕು. ನನಗೆ ಫೋನ್ ಮಾಡಬೇಡಿ, ನಾನಿರುವುದು ಘಟ್ಟದ ಮೇಲೆ.