ಭಾರತೀಯರಿಗೆ ಪೌರತ್ವವಿಲ್ಲ ಎಂದವರು ಯಾರು?

ಪ್ರಶ್ನೆ: ನನ್ನ ಮಗಳಿಗೆ ಈಚೆಗೆ ಅಮೆರಿಕದ ಪೌರತ್ವ ಸಿಕ್ಕಿತು. ನೂರು ವರ್ಷದ ಹಿಂದೆ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಸಲ್ಲದು ಎಂದಿತ್ತಂತೆ. ಆ ತೀರ್ಪು ಬರೆದವರು ಮೊದಲು ಸಂಸದರಾಗಿದ್ದರು ಎಂದು ಅಳಿಯ ಹೇಳುತ್ತಾನೆ. ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ಅವರ ಹೆಸರು ಜಾರ್ಜ್ ಸದರ್‌ಲ್ಯಾಂಡ್. ಅವರೂ ಹೊರಗಿನಿಂದ ಬಂದವರೇ. 1862ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಮರುವರ್ಷವೇ ತಂದೆತಾಯಿಯ ಜೊತೆ ಅಮೆರಿಕದ ಯೂಟಾ ಸೇರಿದ ಕೂಸು. ಬಡತನದಿಂದ ಹನ್ನೆರಡಕ್ಕೆ ಶಾಲೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ದುಡಿದರು. ಆಮೇಲೆ ಓದು ಮುಂದುವರಿಸಿ, ಮಿಶಿಗನ್‌ನಲ್ಲಿ ಕಾನೂನು ಕಲಿತು 1883ರಲ್ಲಿ ವಕೀಲರಾದರು. 1901ರಿಂದ ಎರಡು ವರ್ಷ ಅಮೆರಿಕದ ಸಂಸತ್ತಿನ ಕೆಳಮನೆ, 1905ರಿಂದ 1917ರವರೆಗೆ ಮೇಲ್ಮನೆಯಾದ ಸೆನೆಟ್. ಹೆಂಗಸರಿಗೆ ಮತದ ಹಕ್ಕು ಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. 1922ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು.

ಆಗಿನ ಕಾನೂನಿನಲ್ಲಿ ಹೊರಗಿನಿಂದ ಬಂದ 'ಬಿಳಿಯ' ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಝಾವಾ ಅವರ ಅರ್ಜಿ ತಳ್ಳಿಹಾಕುತ್ತ, ಬಿಳಿಯ ಎಂದರೆ ಕಕೇಶಿಯನ್ (ಯುರೋಪಿನವರನ್ನು ಸೇರಿಸಿ ಅಂದಿನ ಜನಾಂಗಶಾಸ್ತ್ರ ಕೊಟ್ಟಿದ್ದ ಹೆಸರು) ಎಂದು ಸದರ್‌ಲ್ಯಾಂಡ್ ಬರೆದರು. ಮೂರೇ ತಿಂಗಳಿಗೆ ಪಂಜಾಬಿನ ಭಗತ್ ಸಿಂಗ್ ಥಿಂದ್ (ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ) ಅವರ ಕೇಸು ಬಂತು. ಅವರು ಅಮೆರಿಕದ ಸೇನೆಯಲ್ಲಿದ್ದವರು. ಅಂದಿನ ಜನಾಂಗಶಾಸ್ತ್ರ ತಮ್ಮವರನ್ನು ಕಕೇಶಿಯನ್ ಎನ್ನುತ್ತದಲ್ಲ ಎಂಬುದೇ ಅವರ ವಾದ. ಈಗ ಸದರ್‌ಲ್ಯಾಂಡ್ ಶಾಸ್ತ್ರವನ್ನು ಪಕ್ಕಕ್ಕಿಟ್ಟು, ಸಾಮಾನ್ಯ ಮನುಷ್ಯ ಬಿಳಿಯನೆಂದು ಯಾರನ್ನು ತಿಳಿಯುತ್ತಾನೋ ಅವನೇ ಬಿಳಿಯ, ಹಾಗಾಗಿ ಥಿಂದ್ ಅವರಿಗೆ ಪೌರತ್ವ ಸಲ್ಲದು ಎಂದರು. ಎರಡೂ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದ್ದೇನೆ. ಅಳತೆಗೋಲನ್ನೇ ಬದಲಿಸಿದ್ದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಅವರ ಪೌರತ್ವವನ್ನು ಸರ್ಕಾರ ಈ ತೀರ್ಪಿನ ಬಲದಿಂದ ಕಿತ್ತುಕೊಂಡಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಕಾನೂನು. ವಲಸೆಗೆ ವರ್ಷಕ್ಕೆ ನೂರೇ ಜನ, ಆದರೆ ಪೌರತ್ವದ ಹಕ್ಕು ದಕ್ಕಿತು.

ಇಷ್ಟಕ್ಕೇ ನಿಲ್ಲಿಸಿದರೆ ಸದರ್‌ಲ್ಯಾಂಡ್ ಅವರಿಗೆ ನಾನು ಅನ್ಯಾಯ ಮಾಡಿದಂತೆ. 1931ರಲ್ಲಿ ಅಲಬಾಮಾದ ಸ್ಕಾಟ್ಸ್‌ಬರೊದಲ್ಲಿ ಒಂಬತ್ತು ಕರಿಯ ಹುಡುಗರ ಮೇಲೆ ಅತ್ಯಾಚಾರದ ಆರೋಪ ಬಂತು. ಎಂಟು ಜನರಿಗೆ ಮರಣದಂಡನೆಯಾಯಿತು. ಅವರ ಪರ ಇಂಥವರೇ ವಕೀಲರೆಂದು ಗೊತ್ತಾದದ್ದು ವಿಚಾರಣೆಯ ದಿನ ಬೆಳಿಗ್ಗೆ! ಮರುವರ್ಷ ಆ ಶಿಕ್ಷೆಗಳನ್ನು ರದ್ದುಮಾಡಿದ ತೀರ್ಪು ಸದರ್‌ಲ್ಯಾಂಡ್ ಅವರದೇ. ಓದಿದವನಿಗೂ ಕಾನೂನಿನ ದಾರಿ ತಿಳಿಯದು, ಹೆಜ್ಜೆಹೆಜ್ಜೆಗೂ ವಕೀಲ ಕೈಹಿಡಿದು ನಡೆಸಬೇಕು ಎಂಬುದು ಅದರ ತಿರುಳು.

ಆ ಸಾಲು ಓದಿದಾಗ ನನಗೆ ನನ್ನ ಜೂನಿಯರ್ ದಿನಗಳು ಕಣ್ಣಮುಂದೆ ಬಂದವು. ವಕೀಲರಿಲ್ಲದ ಆರೋಪಿಯೊಬ್ಬನ ಕೇಸಿನ ಕಟ್ಟನ್ನು ನ್ಯಾಯಾಧೀಶರು ಒಂದು ಬೆಳಿಗ್ಗೆ ನನ್ನ ಕೈಗಿತ್ತರು. ದಾರ ಬಿಚ್ಚುವಷ್ಟರಲ್ಲಿ ಮೊದಲ ಸಾಕ್ಷಿಯನ್ನು ಕೂಗಿದರು. ಎದ್ದುನಿಂತು ವಾಯಿದೆ ಕೇಳಿದೆ, ಕಾಲು ನಡುಗುತ್ತಿತ್ತು. ಒಂದು ವಾರ ಸಿಕ್ಕಿತು. ಅಂದೇ ಮಧ್ಯಾಹ್ನ ಜೈಲಿಗೆ ಹೋಗಿ ಅವನ ಮಾತನ್ನು ಅವನ ಬಾಯಿಂದಲೇ ಕೇಳಿಸಿಕೊಂಡೆ.