ಬಿಸಿಲು, ಲಾರಿ ಮತ್ತು ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ರಸ್ತೆ

ಪ್ರಶ್ನೆ: ನಮ್ಮ ಬಡಾವಣೆಯ ಕಾಂಕ್ರೀಟ್ ರಸ್ತೆಗೆ ನಾಲ್ಕೈದು ಮೀಟರಿಗೊಂದು ಅಡ್ಡಗೆರೆ ಕೊಯ್ದಿದ್ದಾರೆ. ಪ್ರೀಸ್ಟ್ರೆಸ್ಡ್ (ಒಳಗಿನ ಉಕ್ಕಿನ ತಂತಿ ಬಿಗಿದು ಮೊದಲೇ ಅದುಮಿಟ್ಟ) ಕಾಂಕ್ರೀಟಾದರೆ ನೂರು ಮೀಟರಿನವರೆಗೂ ಇಂಥ ಗೆರೆ ಬೇಕಿಲ್ಲವಂತೆ. ಹಾಗಾದರೆ ಬಿಸಿಲು, ಲಾರಿಗಳ ಬಾಧೆ ಅದಕ್ಕೆ ತಟ್ಟುವುದಿಲ್ಲವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಖಂಡಿತ ತಟ್ಟುತ್ತದೆ, ತಾಳಿಕೊಳ್ಳುವ ಬಗೆ ಮಾತ್ರ ಬೇರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಚಪ್ಪಡಿಯ ಮೇಲ್ಮೈ ಕಾದು ತಳ ತಂಪಾಗಿದ್ದಾಗ ಚಪ್ಪಡಿ ನಡುವೆ ಉಬ್ಬಲು ಹವಣಿಸುತ್ತದೆ. ಅದರ ಸ್ವಂತ ತೂಕವೇ ಅದನ್ನು ತಡೆಯುವುದರಿಂದ ತಳದಲ್ಲಿ ಎಳೆತ ಹುಟ್ಟುತ್ತದೆ. ಮೇಲಿಗೂ ತಳಕ್ಕೂ 15 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದು ಬಾಗುವಿಕೆ ಪೂರ್ತಿ ತಡೆಯಲ್ಪಟ್ಟರೆ ಈ ಎಳೆತ ಚದರ ಮಿಲಿಮೀಟರಿಗೆ ಸುಮಾರು 2.6 ನ್ಯೂಟನ್ ಆಗುತ್ತದೆ. ಎಂ-40 (ಚದರ ಮಿಲಿಮೀಟರಿಗೆ 40 ನ್ಯೂಟನ್ ಅದುಮುಬಲ ತಾಳುವ ದರ್ಜೆಯ) ಕಾಂಕ್ರೀಟು ಬಾಗುವಾಗ ತಾಳುವುದೇ ಹೆಚ್ಚುಕಡಿಮೆ 4.4 ನ್ಯೂಟನ್. ಅದೇ ಹೊತ್ತಿನಲ್ಲಿ ಭಾರದ ಲಾರಿ ಅಂಚಿನ ಮೇಲೆ ಹಾದರೆ ಅದು ಹುಟ್ಟಿಸುವ ಎಳೆತವೂ ತಳದಲ್ಲೇ ಕೂಡಿಕೊಳ್ಳುತ್ತದೆ. ರಾತ್ರಿ ಮೇಲ್ಮೈ ಬೇಗ ತಣಿದು ಅಂಚುಗಳು ಮೇಲೇಳುವುದರಿಂದ ಎಳೆತ ಮೇಲ್ಭಾಗಕ್ಕೆ ಬರುತ್ತದೆ. ಆದ್ದರಿಂದ ಲಾರಿಯ ತೂಕದಷ್ಟೇ ಅದು ಯಾವ ಹೊತ್ತಿನಲ್ಲಿ ಓಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಗೆರೆ ಕೊಯ್ದು ತುಂಡಾಗಿಸಿದ ಚಿಕ್ಕ ಚಪ್ಪಡಿ ಒಂದಿಷ್ಟು ಬಾಗಿ ಈ ಎಳೆತವನ್ನು ಇಳಿಸಿಕೊಳ್ಳುತ್ತದೆ. ಉದ್ದದ ಚಪ್ಪಡಿಯ ನಡುಭಾಗಕ್ಕೆ ಆ ಅವಕಾಶವಿಲ್ಲ. ಅದಕ್ಕೆಂದೇ ಒಳಗಿನ ಉಕ್ಕಿನ ತಂತಿಗಳನ್ನು ಜಗ್ಗಿ ಬಿಗಿದು, ಕಾಂಕ್ರೀಟನ್ನು ಮೊದಲೇ ಅದುಮಿಟ್ಟಿರುತ್ತಾರೆ. ಎಳೆತ ಮೊದಲು ಆ ಅದುಮುಬಲವನ್ನು ಕರಗಿಸಬೇಕು, ಬಿರುಕಿನ ಮಾತು ಆಮೇಲೆ. ಹೀಗಾಗಿ ಚಪ್ಪಡಿಯ ದಪ್ಪವನ್ನೂ ಕಡಿಮೆ ಮಾಡಬಹುದು.

ಆದರೆ ಇಲ್ಲಿ ನೆಲದ ಘರ್ಷಣೆ ದೊಡ್ಡ ತೊಡಕು. ಬಿಗಿಯುವಾಗಲೂ ರಾತ್ರಿ ತಣಿಯುವಾಗಲೂ ಚಪ್ಪಡಿ ಕುಗ್ಗಬೇಕು, ನೆಲ ಅದನ್ನು ಹಿಡಿದಿಡುತ್ತದೆ. ಘರ್ಷಣಾಂಕ (ಚಪ್ಪಡಿ ಜಾರದಂತೆ ನೆಲ ಒಡ್ಡುವ ತಡೆಯ ಅಳತೆ) 1.5 ಇದ್ದರೆ 120 ಮೀಟರ್ ಚಪ್ಪಡಿಯ ನಡುವೆ ಚದರ ಮಿಲಿಮೀಟರಿಗೆ 2 ನ್ಯೂಟನ್ನಿಗೂ ಹೆಚ್ಚು ಎಳೆತ ಬಂದು, ಬಿಗಿದದ್ದೆಲ್ಲ ಬಹುಮಟ್ಟಿಗೆ ಅಲ್ಲೇ ವ್ಯರ್ಥವಾದೀತು. ಕೆಳಗೆ ಮರಳು, ಪಾಲಿಥೀನ್ ಹಾಳೆ ಹಾಸಿ ಘರ್ಷಣಾಂಕವನ್ನು 0.5ಕ್ಕೆ ಇಳಿಸಿದರೆ ಆ ಎಳೆತ 0.7 ನ್ಯೂಟನ್ನಿನಷ್ಟಾಗುತ್ತದೆ. ಇನ್ನು 30 ಡಿಗ್ರಿ ಏರಿಳಿತಕ್ಕೆ ಅಷ್ಟುದ್ದದ ಚಪ್ಪಡಿ 36 ಮಿಲಿಮೀಟರಿನವರೆಗೆ ಹಿಗ್ಗಿ ಕುಗ್ಗುತ್ತದೆ. ಜಾಯಿಂಟುಗಳು ಕೆಲವೇ ಇದ್ದರೂ ಪ್ರತಿಯೊಂದೂ ಇಷ್ಟು ಚಲನೆಯನ್ನು ತಾಳಬೇಕು.

1940ರ ದಶಕದಲ್ಲೇ ಪ್ಯಾರಿಸ್ ಬಳಿಯ ಓರ್ಲಿ ವಿಮಾನ ನಿಲ್ದಾಣದಲ್ಲಿ ಇಂಥ ರನ್‌ವೇ ನಿರ್ಮಿಸಿದ್ದರು. ಅಂಥ ಕಡೆ ಇದು ಒಪ್ಪುತ್ತದೆ. ನೀರಿನ ಪೈಪಿಗೆ, ಒಳಚರಂಡಿಗೆ ಮತ್ತೆ ಮತ್ತೆ ಅಗೆಯುವ ನಮ್ಮ ಬಡಾವಣೆಗಳಿಗೆ ಇದು ಬೇಡವೆಂದೇ ನನ್ನ ದೃಢ ಅಭಿಪ್ರಾಯ, ಏಕೆಂದರೆ ಒಂದು ತಂತಿ ಕತ್ತರಿಸಿದರೂ ಆ ಸಾಲಿನ ಬಿಗಿತ ಹೋಗುತ್ತದೆ. ನಿಮ್ಮ ರಸ್ತೆಯ ಗೆರೆಗಳಲ್ಲಿ ತುಂಬಿದ ಸೀಲಂಟ್ ಕಿತ್ತಿದ್ದರೆ ಮಳೆಗಾಲಕ್ಕೆ ಮುಂಚೆ ಮತ್ತೆ ತುಂಬಿಸಿರಿ; ಅಡಿಯಲ್ಲಿ ಎರೆಮಣ್ಣಿದ್ದರಂತೂ, ಒಳಗಿಳಿದ ನೀರಿಗೆ ಅದು ಉಬ್ಬಿ ಚಪ್ಪಡಿಯ ಆಧಾರವನ್ನೇ ಕೆಡಿಸುತ್ತದೆ.