ತೋಟದ ಹೊಂಡಕ್ಕೆ ಬಿಟ್ಟ ಮೀನುಮರಿ ಮಲೆನಾಡಿನ ಚಳಿಗೆ ಉಳಿಯುತ್ತವಾ?

ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದ ಪಕ್ಕ ಮೂರು ಗುಂಟೆ ಹೊಂಡ ಇದೆ, ಆಗಸ್ಟ್‌ನಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ಬಿಟ್ಟಿದ್ದೀರಿ. ಚಳಿ ಶುರುವಾದ ಮೇಲೆ ಮೀನು ಮೇಲೆ ಕಾಣಿಸುತ್ತಿಲ್ಲ, ಹಾಕಿದ ತಿಂಡಿ ಹಾಗೇ ಉಳಿಯುತ್ತಿದೆ, ಸತ್ತು ಹೋಗುತ್ತವಾ ಅಂತ ಕೇಳಿದ್ದೀರಿ.

ಸಾಯುವುದಿಲ್ಲ. ನಾನು ಹೊಸನಗರದ ಕಡೆಯವನು, ನಮ್ಮ ಹೊಂಡದಲ್ಲೂ ಇವೇ ಮೀನುಗಳಿವೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ 13-14 ಡಿಗ್ರಿಗೆ ಇಳಿದರೂ ಮಧ್ಯಾಹ್ನ ಬಿಸಿಲು ಚೆನ್ನಾಗಿಯೇ ಇರುತ್ತದೆ. ಗಾಳಿ ತಣ್ಣಗಾದಷ್ಟು ಬೇಗ ನೀರು ತಣ್ಣಗಾಗುವುದಿಲ್ಲ. ಐದಾರು ಅಡಿ ನೀರಿದ್ದರೆ ಕೆಳಗಡೆ ಮೀನು ಆರಾಮಾಗಿ ಇರುತ್ತದೆ. ಸಾಮಾನ್ಯ ಗೆಂಡೆಯಂತೂ ಹಿಮ ಬೀಳುವ ದೇಶಗಳಲ್ಲಿ ಮಂಜುಗಡ್ಡೆಯ ಕೆಳಗೂ ಬದುಕುತ್ತದೆ. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿ ತಳಕ್ಕಿಳಿಯುತ್ತದೆ, ಮೇಲೆ ಗಡ್ಡೆ ಕಟ್ಟಿದರೂ ತಳದಲ್ಲಿ ನೀರು ನೀರಾಗಿಯೇ ಉಳಿಯುತ್ತದೆ. ನಮಗೆ ಆ ಚಿಂತೆಯೇ ಇಲ್ಲ. ರೂಪ್‌ಚಂದ್ ಅಥವಾ ಪಂಗಾಸಿಯಸ್ ಬಿಟ್ಟಿದ್ದರೆ ಮಾತು ಬೇರೆ. ಅವು ಬಿಸಿನೀರಿನ ಮೀನುಗಳು, ಚಳಿ ತಡೆಯುವುದಿಲ್ಲ. ಅವನ್ನು ಚಳಿಗೆ ಮುಂಚೆಯೇ ಹಿಡಿದು ಮುಗಿಸುವುದು ಒಳ್ಳೆಯದು.

ನಿಜವಾದ ತೊಂದರೆ ಆ ಉಳಿದ ತಿಂಡಿಯಲ್ಲಿದೆ. ನೀರು ಎಷ್ಟು ತಣ್ಣಗೋ ಮೀನಿನ ಮೈಯೂ ಅಷ್ಟೇ ತಣ್ಣಗೆ. ಈ ಗೆಂಡೆ ಜಾತಿಗಳು ಚೆನ್ನಾಗಿ ತಿಂದು ಬೆಳೆಯುವುದು 25ರಿಂದ 32 ಡಿಗ್ರಿಯಲ್ಲಿ. 20ರ ಕೆಳಗೆ ಹೋದರೆ ತಿಂದದ್ದು ಬೇಗ ಅರಗುವುದಿಲ್ಲ, ಹಸಿವೂ ಇರುವುದಿಲ್ಲ. ನಾವು ಮಾತ್ರ ಪಾಪ ಅಂತ ದಿನಾ ಅಷ್ಟೇ ಹಿಂಡಿ, ಅಷ್ಟೇ ತೌಡು ಸುರಿಯುತ್ತೇವೆ. ಅದು ತಳದಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ.

ನಾಳೆಯಿಂದಲೇ ಹೀಗೆ ಮಾಡಿ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮ ಸಮ ಕಲಸಿ ಉಂಡೆ ಮಾಡಿ. ಎರಚಬೇಡಿ. ಹಳೆಯ ತಟ್ಟೆಗೆ ಹಗ್ಗ ಕಟ್ಟಿ, ಅದರಲ್ಲಿ ಉಂಡೆ ಇಟ್ಟು ಎರಡು ಅಡಿ ಕೆಳಗೆ ಇಳಿಬಿಡಿ. ಬೆಳಿಗ್ಗೆ ಏಳಕ್ಕೆ ಬೇಡ, ಮಂಜು ಕರಗಿ ಬಿಸಿಲು ನೀರಿಗೆ ಬಿದ್ದ ಮೇಲೆ ಹತ್ತು, ಹನ್ನೊಂದು ಗಂಟೆಗೆ ಹಾಕಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ತಟ್ಟೆ ಖಾಲಿಯಾಗಿದ್ದರೆ ನಾಳೆಯೂ ಅಷ್ಟೇ ಹಾಕಿ. ಉಳಿದಿದ್ದರೆ ಅರ್ಧ ಮಾಡಿ. ಮೋಡ ಮುಚ್ಚಿದ ದಿನ ಏನೂ ಹಾಕಬೇಡಿ, ಒಂದು ದಿನ ಉಪವಾಸ ಇದ್ದರೆ ಮೀನಿಗೆ ಏನೂ ಆಗುವುದಿಲ್ಲ.

ಸಗಣಿ ಹಾಕುತ್ತಿದ್ದರೆ ಅದಕ್ಕೂ ಒಂದು ಲೆಕ್ಕ ಇದೆ. ಮೊಣಕೈ ತನಕ ಕೈ ನೀರಿಗೆ ಇಳಿಸಿ. ಅಂಗೈ ಮಸುಕಾಗಿಯಾದರೂ ಕಂಡರೆ ನೀರು ಸರಿಯಾಗಿದೆ. ಮೊಣಕೈ ಮುಳುಗುವ ಮುಂಚೆಯೇ ಹಸಿರಿನಲ್ಲಿ ಅಂಗೈ ಮಾಯವಾದರೆ ಪಾಚಿ ಜಾಸ್ತಿಯಾಗಿದೆ, ಸಗಣಿ ನಿಲ್ಲಿಸಿ. ಹಗಲು ಆಮ್ಲಜನಕ ಕೊಡುವ ಅದೇ ಪಾಚಿ ರಾತ್ರಿ ಅದನ್ನು ಬಳಸಿಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಮೀನಿಗೆ ಉಸಿರಿಗೂ ಸಾಲುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಹೊಂಡದ ದಡಕ್ಕೆ ಹೋಗಿ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ತಕ್ಷಣ ಪಂಪ್ ಹಾಕಿ, ಅದೇ ನೀರನ್ನು ಮೇಲಿಂದ ಚಿಮ್ಮಿಸಿ ಬೀಳಿಸಿ. ನಿಮ್ಮ ಮೀನು ಮೇಲೆ ಬರುತ್ತಿಲ್ಲ ಅಂದಿರಲ್ಲ, ಈ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿಯೇ.

ಇನ್ನು ಹುಣ್ಣು ರೋಗ. ನನಗೆ ಚಳಿಗಾಲದಲ್ಲಿ ಇದರದ್ದೇ ಭಯ. ಮಳೆ ನಿಂತು ನೀರು ತಣ್ಣಗಾಗುವಾಗ ಶಿಲೀಂಧ್ರವನ್ನು ಹೋಲುವ ಒಂದು ಸೂಕ್ಷ್ಮಜೀವಿಯಿಂದ ಬರುತ್ತದೆ. ಮೊದಲು ಒಂದು ಕೆಂಪು ಚುಕ್ಕೆ. ಆಮೇಲೆ ಅಲ್ಲಿನ ಹುರುಪೆ ಎದ್ದು ಉದುರುತ್ತದೆ, ಕೊನೆಗೆ ಮಾಂಸ ಕಾಣುವಷ್ಟು ಗುಳಿ ಬೀಳುತ್ತದೆ. ಸಾಮಾನ್ಯವಾಗಿ ಹೊಂಡಕ್ಕೆ ತಾವಾಗಿ ಬಂದು ಸೇರಿದ ಕೊರವ ಮತ್ತು ಸಣ್ಣ ನಾಟಿ ಮೀನುಗಳಲ್ಲಿ ಮೊದಲು ಕಾಣುತ್ತದೆ, ಹಾಗಾಗಿ ಅವುಗಳ ಮೇಲೂ ಕಣ್ಣಿಡಿ. ನಮ್ಮ ಜಂಬಿಟ್ಟಿಗೆ ಮಣ್ಣಿನ ನೀರು ಹುಳಿ ಜಾಸ್ತಿ, ರೋಗಕ್ಕೆ ಅದೂ ಅನುಕೂಲ. ಮೊದಲು ನೀರಿನ ಪಿಎಚ್ ನೋಡಿಸಿ. 7ಕ್ಕಿಂತ ಕಡಿಮೆ ಇದ್ದರೆ ಗುಂಟೆಗೆ ಎರಡು ಕಿಲೋ ಸುಣ್ಣದಂತೆ ನೀರಲ್ಲಿ ಕಲಸಿ, ಪೂರ್ತಿ ಆರಿಸಿ, ಹೊಂಡದ ತುಂಬ ಚೆಲ್ಲಿ. ಬಿಸಿ ಸುಣ್ಣ ಯಾವತ್ತೂ ಹಾಕಬೇಡಿ. ರೋಗ ಕಂಡೇ ಬಿಟ್ಟರೆ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ರೂಪಿಸಿದ ಸಿಫಾಕ್ಸ್ ಎಂಬ ಔಷಧಿ ಇದೆ. ಒಂದು ಹೆಕ್ಟೇರಿಗೆ, ಒಂದು ಮೀಟರ್ ಆಳಕ್ಕೆ ಒಂದು ಲೀಟರ್ ಅದರ ಲೆಕ್ಕ. ಅಂದರೆ ನಿಮ್ಮ ಮೂರು ಗುಂಟೆಗೆ ಮೀಟರ್ ಆಳಕ್ಕೆ 30 ಮಿಲಿ. ತಾಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ಮೀನು ತೋರಿಸಿಯೇ ಹಾಕಿ.

ಈಗ ಅಡಿಕೆ ಕೊಯ್ಲಿನ ಸಮಯ ಅಲ್ವಾ? ಚೊಗರು (ಅಡಿಕೆ ಬೇಯಿಸಿದ ನೀರು), ಹಂಡೆ ತೊಳೆದ ನೀರು, ಸಿಪ್ಪೆ ರಾಶಿಯಿಂದ ಇಳಿಯುವ ರಸ, ಯಾವುದೂ ಹೊಂಡದ ಕಡೆ ಹರಿಯದಂತೆ ಒಂದು ಕಾಲುವೆ ತೆಗೆದು ತಿರುಗಿಸಿ.

ಎಷ್ಟು ಮರಿ ಬಿಟ್ಟಿದ್ದೀರಿ ಅಂತ ಬರೆದಿಲ್ಲ. ಗುಂಟೆಗೆ 50 ಸಾಕು, ಚೆನ್ನಾಗಿ ನೋಡಿಕೊಳ್ಳುವವರು 100 ತನಕ ಬಿಡಬಹುದು. ಮೀನು ಕಡಿಮೆಯಾಗಿದೆ ಅನ್ನಿಸಿ, ಸತ್ತ ಮೀನು ಒಂದೂ ತೇಲದಿದ್ದರೆ ಚಳಿಯನ್ನು ಬೈಯಬೇಡಿ. ಮಳೆಗಾಲದಲ್ಲಿ ಕೋಡಿ ನೀರಿನ ಜೊತೆ ಹೋಗಿರಬಹುದು, ಇಲ್ಲವೇ ನೀರುಕಾಗೆ ತಿಂದಿರಬಹುದು. ಹೊಳೆ ಹತ್ತಿರ ಇದ್ದರೆ ನೀರುನಾಯಿಯೂ ಬರುತ್ತದೆ. ಹೊಂಡದ ಮೇಲೆ ಅಡ್ಡಡ್ಡ ದಾರ ಎಳೆದರೆ ಹಕ್ಕಿಯ ಕಾಟ ತಗ್ಗುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡುತ್ತದಲ್ಲ, ಆಗಿನಿಂದ ತಿಂಡಿಯನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿ, ಚಳಿಯಲ್ಲಿ ನಿಂತ ಬೆಳವಣಿಗೆ ಬೇಸಿಗೆಯಲ್ಲಿ ಬರುತ್ತದೆ. ಆದರೆ ಆ ಹೊತ್ತಿಗೆ ತೋಟಕ್ಕೆ ನೀರು ಬಿಡುವುದೂ ಶುರುವಾಗಿರುತ್ತದೆ. ಇದೇ ಹೊಂಡದಿಂದ ಎತ್ತುವುದಾದರೆ ತಳದಿಂದ ನಾಲ್ಕು ಅಡಿ ಎತ್ತರಕ್ಕೆ ಗುರುತು ಬರುವಂತೆ ಹೊಂಡದಲ್ಲಿ ಒಂದು ಗೂಟ ನೆಡಿ. ನೀರು ಆ ಗುರುತಿಗೆ ಬಂದರೆ ಪಂಪ್ ನಿಲ್ಲಿಸಿ, ಇಲ್ಲವೇ ದೊಡ್ಡ ಮೀನುಗಳನ್ನು ಹಿಡಿದು ಮಾರಿ ಹೊಂಡ ಹಗುರ ಮಾಡಿ.